ಅರ್ಧ ಇಟ್ಟಿಗೆಯ ಲೆನ್ಸು

ಬೇಗೂರಿನಲ್ಲಿ ಬಾಡಿಗೆಗಿದ್ದ ಗುರುಸಿದ್ದನಿಗೆ ಹಿಮಾಲಯದ ಮೇಲೆ ಯಾವ ದುರುದ್ದೇಶವೂ ಇರಲಿಲ್ಲ. ಹೋಗಬೇಕು, ನಾಲ್ಕು ಫೋಟೋ ತೆಗೆಯಬೇಕು, ಬರಬೇಕು, ಅಷ್ಟೇ. ಇಷ್ಟು ಸಣ್ಣ ಆಸೆಯಿಂದ ಒಂದು ಬೀದಿಯ ಮನೆ ಮಾಲೀಕರೆಲ್ಲ ತಮ್ಮ ತಮ್ಮ ಇಟ್ಟಿಗೆ ರಾಶಿಗೆ ಕಾವಲು ಕೂರುವಂತಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಕಾದರೆ ಮೊದಲು ಅವನ ಊರಿನ ವಿಷಯ ತಿಳಿಯಬೇಕು.

ಅವನ ಊರು ರೋಣದ ಕಡೆ. ಕಪ್ಪು ಎರೆಭೂಮಿ. ಮಾಳಿಗೆ ಹತ್ತಿ ನಿಂತರೆ ಅಕ್ಕಪಕ್ಕದ ಮೂರು ಊರಿನ ನೀರಿನ ಟಾಕಿ ಕಾಣಬೇಕು, ಅಷ್ಟು ಸಪಾಟು. ಎತ್ತರದ ವಸ್ತುವೆಂದರೆ ಮೇವಿನ ಬಣವೆ. ಹಾಗಾಗಿ ಬೆಟ್ಟವೆಂದರೆ ಗುರುಸಿದ್ದನಿಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಹುಚ್ಚು. ಬೆಂಗಳೂರಿಗೆ ಬಂದು ಬಿಟಿಎಂ ಲೇಔಟಿನ ಒಂದು ವಿಮಾ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಗುದ್ದಿಸಿಕೊಂಡ ಕಾರುಗಳ ಫೋಟೋ ನೋಡಿ, ಬಂಪರು ನಿಜವಾಗಿ ನೆಗ್ಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಅವನ ಕೆಲಸ. ದಿನಕ್ಕೆ ಎಪ್ಪತ್ತು ಬಂಪರು ನೋಡಿದ ಮನುಷ್ಯನಿಗೆ ಫೋಟೋಗ್ರಫಿ ತನಗೆ ಕರಗತ ಎಂಬ ಭ್ರಮೆ ಬಂದರೆ ಅವನನ್ನು ದೂರಲಾಗದು.

ಒಂದು ದಿನ ಚಹಾದ ಹೊತ್ತಿಗೆ ಸಹೋದ್ಯೋಗಿ ಸೋಮನಾಥ್, ತಾನೂ ತನ್ನ ಗೆಳೆಯರೂ ಕ್ಯಾಮೆರಾ ಹೊತ್ತು ಹಿಮಾಲಯಕ್ಕೆ ಹೊರಟಿರುವ ಸುದ್ದಿ ಹೇಳಿದ.

“ನಾನೂ ಬರ್ತೀನ್ರಿ” ಎಂದ ಗುರುಸಿದ್ದ.

“ಬನ್ನಿ ಗುರು. ಆದ್ರೆ ಇದು ಸೀರಿಯಸ್ ಲ್ಯಾಂಡ್‌ಸ್ಕೇಪ್ ಗ್ರೂಪು, ಮೊಬೈಲ್ ಹಿಡ್ಕೊಂಡು ಬರೋರಿಗಲ್ಲ. ನಿಮ್ಹತ್ರ ಏನ್ ಕ್ಯಾಮೆರಾ ಗೇರ್ ಇದೆ?”

ಸುತ್ತ ಆರು ಜನ ಕೇಳುತ್ತಿದ್ದರು. ಏನೂ ಇಲ್ಲ ಎನ್ನಲು ಗುರುಸಿದ್ದನ ನಾಲಿಗೆ ಹೊರಳಲಿಲ್ಲ.

“ಸದ್ಯ... ಅಪ್‌ಗ್ರೇಡ್ ಮಾಡಾಕತ್ತೀನ್ರಿ” ಎಂದುಬಿಟ್ಟ.

ಆ ಒಂದು ಮಾತಿನಿಂದ ಅವನ ನಿದ್ದೆ ಹಾಳಾಯಿತು. ಕ್ಯಾಮೆರಾವನ್ನು ಜಯನಗರದ ಅಂಗಡಿಯಲ್ಲಿ ಬಾಡಿಗೆಗೆ ತರಬಹುದು, ಸರಿ. ಆದರೆ ಯಾವುದನ್ನು? ಹದಿನೇಳು ವಿಡಿಯೋ ನೋಡಿದ. ಟ್ರೈಪಾಡ್ ಇಲ್ಲದೆ ಬೆಟ್ಟಕ್ಕೆ ಹೋಗುವವನು ಮೂರ್ಖ ಎಂದು ಒಬ್ಬ ಹೇಳಿದರೆ, ಆ ಮೂರು ಕಾಲು ಹೊತ್ತು ಹೋಗುವವನೇ ಮೂರ್ಖ ಎಂದು ಇನ್ನೊಬ್ಬ. ಬೆಟ್ಟವಿಡೀ ಹಿಡಿಯಲು 16-35 ಲೆನ್ಸು ಬೇಕು. ಶಿಖರವನ್ನು ಹತ್ತಿರಕ್ಕೆ ಎಳೆಯಲು 70-200 ಬೇಕು. ಎರಡರ ನಡುವೆ 24-70 ಎಂಬುದೊಂದು. ಬೆಳಗ್ಗೆ ಒಂದನ್ನು ಗೊತ್ತುಮಾಡಿದರೆ ಮಧ್ಯಾಹ್ನದ ಊಟಕ್ಕೆ ಅದು ಬದಲಾಗುತ್ತಿತ್ತು. ಬಸ್ಸಿನಲ್ಲಿ ಕೂತು ಚೀಟಿಯ ಹಿಂದೆ ಪಟ್ಟಿ ಬರೆಯುವನು, ಇಳಿಯುವಾಗ ಹರಿದು ಹಾಕುವನು.

ಹೆಂಡತಿ ಜಯಾ ಎರಡು ವಾರ ಇದನ್ನು ನೋಡಿ ಹೇಳಿದಳು: “ಎಲ್ಲಿಗರೆ ಹೋಗ್ರಿ, ಏನರೆ ಹೊತಗೊಂಡ ಹೋಗ್ರಿ. ಆದ್ರ ಅದಕ್ಕಿಂತ ಮೊದಲ ಗೌಡ್ರ ಕೈಲೆ ಅಗ್ರಿಮೆಂಟಿಗೆ ಸಹಿ ಮಾಡಿಸ್ರಿ. ಇನ್ನೊಮ್ಮಿ ಮನಿ ಖಾಲಿ ಮಾಡಾಕ ನನ್ನ ಕೈಲೆ ಆಗಂಗಿಲ್ಲ.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂಬತ್ತು ವರ್ಷದಲ್ಲಿ ಐದು ಮನೆ. ಟಿವಿ ಸ್ಟ್ಯಾಂಡಿನ ಒಂದು ಕಾಲು ಅರಕೆರೆಯಲ್ಲಿ ಮುರಿದದ್ದು, ಇನ್ನೊಂದು ಹುಳಿಮಾವಿನಲ್ಲಿ. ಈ ಮನೆಯ ಹನ್ನೊಂದು ತಿಂಗಳ ಅಗ್ರಿಮೆಂಟು ಸರಿಯಾಗಿ ಹಿಮಾಲಯದ ವಾರದಲ್ಲೇ ಮುಗಿಯಲಿತ್ತು. ಜಯಾ ಗೌಡ್ರು ಎನ್ನುವ ಮಾಲೀಕ ಚಿಕ್ಕಬೈರಪ್ಪ ಬೇಗೂರಿನ ಹಳಬರು. ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲೇ ಈಗ ಬಾಡಿಗೆ ಬೆಳೆಯುತ್ತಾರೆ. “ಆಗ್ಲಿ ಬುಡಪ್ಪ, ಸೈನ್ ಹಾಕಿದ್ರಾಯ್ತು” ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಇನ್ನೇನು ಯೋಚನೆ ಎಂದು ಗುರುಸಿದ್ದ ಮತ್ತೆ ಲೆನ್ಸಿನೊಳಗೆ ಮುಳುಗಿದ.

ಕೊನೆಗೆ ಸೋಮನಾಥನೇ ದಾರಿ ತೋರಿಸಿದ. “ಗುರು, ಗೇರ್ ಸೆಲೆಕ್ಷನ್ ಕಣ್ಣಿಂದ ಮಾಡೋದಲ್ಲ, ಬೆನ್ನಿಂದ ಮಾಡೋದು. ಹನ್ನೊಂದು ಸಾವಿರ ಅಡಿ ಮೇಲೆ ಒಂದು ಬ್ಯಾಟರಿನೂ ಭಾರ ಆಗುತ್ತೆ. ಮೊದ್ಲು ಅಷ್ಟೇ ತೂಕ ಹೊತ್ಕೊಂಡು ಡೈಲಿ ವಾಕ್ ಮಾಡಿ. ಬೆನ್ನು ಯಾವುದನ್ನ ಬೇಡ ಅನ್ನುತ್ತೋ ಅದನ್ನ ಬಿಡಿ. ಇನ್ನೊಂದು, ಲೆನ್ಸ್ ತೆಗೆದು ಹಾಕೋದನ್ನ ಪ್ರಾಕ್ಟೀಸ್ ಮಾಡಿ. ಬೆಳಗಿನ ಬೆಳಕು ಅಲ್ಲಿ ಹತ್ತೇ ನಿಮಿಷ.” ಹೀಗೆಂದು ತನ್ನ ಹಳೆಯ ಚಾರಣದ ಚೀಲವನ್ನೂ ಕೊಟ್ಟ.

ಒಳ್ಳೆಯ ಸಲಹೆಯೇ. ಅದನ್ನು ಪಡೆದವನು ಗುರುಸಿದ್ದ ಎಂಬುದೊಂದೇ ಅದರ ದೋಷ.

ಚಿಕ್ಕಬೈರಪ್ಪನವರ ಮಾಳಿಗೆಯ ಮೇಲೆ, ಎಂದೋ ಕಟ್ಟಬೇಕಾದ ಮೂರನೇ ಅಂತಸ್ತಿಗೆಂದು ತಂದ ಇಟ್ಟಿಗೆಗಳು ಆರು ವರ್ಷದಿಂದ ಟಾರ್ಪಾಲು ಹೊದ್ದು ಮಲಗಿದ್ದವು. ಗುರುಸಿದ್ದ ಅದರಲ್ಲಿ ಎರಡನ್ನು ರದ್ದಿ ಅಂಗಡಿಗೆ ಒಯ್ದು ತೂಗಿಸಿದ. “ಇಟ್ಟಿಗೆ ನಾವ್ ತಗೊಳಲ್ಲ ಸಾರ್” ಎಂದು ಅಂಗಡಿಯವನು ಮೊದಲೇ ಹೇಳಿದ. ಒಂದಕ್ಕೆ ಎರಡೂಮುಕ್ಕಾಲು ಕೇಜಿ. ಲೆಕ್ಕ ಸರಳವಾಯಿತು. ಇಡೀ ಇಟ್ಟಿಗೆ ಟ್ರೈಪಾಡು. ಇನ್ನೊಂದನ್ನು ಸುತ್ತಿಗೆಯಿಂದ ಎರಡು ಹೋಳು ಮಾಡಿದರೆ ಅರ್ಧ 70-200 ಲೆನ್ಸು, ಇನ್ನರ್ಧ 16-35 ಹಾಕಿದ ಕ್ಯಾಮೆರಾ. ಗೊಂದಲವಾಗದಿರಲೆಂದು ಸೀಮೆಸುಣ್ಣದಲ್ಲಿ ಆಯಾ ಅಂಕಿ ಬರೆದ. ಲೆನ್ಸನ್ನು ಮೆತ್ತಗೆ ಸುತ್ತಿಡಬೇಕಲ್ಲ, ಹಳೆಯ ಕೆಂಪು ಸೀರೆಯ ತುಂಡಿನಲ್ಲಿ ಒಂದೊಂದನ್ನೂ ಸುತ್ತಿದ.

ಮರುದಿನ ಮುಂಜಾನೆಯಿಂದ ಅಭ್ಯಾಸ ಶುರು. ಮನೆಯಿಂದ ಬೇಗೂರು ಕೆರೆಯ ಸುತ್ತ ಒಂದು ಸುತ್ತು, ಅಲ್ಲಿಂದ ನಾಗೇಶ್ವರ ದೇವಸ್ಥಾನದ ಮುಂದೆ ವಿಶ್ರಾಂತಿ. ಅಲ್ಲಿ ಚೀಲ ಇಳಿಸಿ, ಕೆಂಪು ಗಂಟು ಬಿಚ್ಚಿ, ಅರ್ಧ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕಣ್ಣು ಮುಚ್ಚಿ ಗೋಪುರದ ಕಡೆಗೆ ಹಿಡಿಯುವನು. ಬಾಯಲ್ಲಿ “ಒಂದು, ಎರಡು, ಮೂರು” ಎಂದು ಸೆಕೆಂಡು ಎಣಿಸುವನು. ಸುತ್ತಿಡುವನು. ಇನ್ನರ್ಧವನ್ನು ಬಿಚ್ಚುವನು. ಮತ್ತೆ ಗೋಪುರ, ಮತ್ತೆ ಮಣಮಣ.

ಇದನ್ನು ಮೂರನೇ ದಿನ ನೋಡಿದವರು ಚಿಕ್ಕಬೈರಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮ. ಹೂವಿನ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಅವರು ಕಂಡದ್ದೇನು? ತಮ್ಮ ಬಾಡಿಗೆದಾರ, ತಮ್ಮ ಮಾಳಿಗೆಯ ಇಟ್ಟಿಗೆಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ತಂದು, ದೇವರಿಗೆ ಎತ್ತಿ ತೋರಿಸಿ, ಮಂತ್ರ ಹೇಳಿ, ವಾಪಸ್ ಒಯ್ಯುತ್ತಿದ್ದಾನೆ.

ದೇವರ ಬೆಟ್ಟಕ್ಕೆ ಹೋದವರು ಕಲ್ಲಿನ ಮೇಲೆ ಕಲ್ಲು ಪೇರಿಸಿ ಮನೆಯಾಗಲಿ ಎಂದು ಬೇಡಿಕೊಳ್ಳುವುದನ್ನು ನೀವೂ ಕಂಡಿರಬಹುದು. ಮುನಿಲಕ್ಷ್ಮಮ್ಮ ಮದುವೆಯಾದ ಹೊಸತರಲ್ಲಿ ಶಿವಗಂಗೆಯಲ್ಲಿ ಮೂರು ಕಲ್ಲು ಪೇರಿಸಿ ಬಂದಿದ್ದರು, ಆಮೇಲೆ ಮೂರು ಮನೆ ಆಗಿದ್ದವು. ಹೀಗಾಗಿ ಈ ವಿದ್ಯೆಯ ಬಗ್ಗೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೂವನ್ನು ದೇವರಿಗೆ ಏರಿಸಿದರೋ ಬಿಟ್ಟರೋ, ಮನೆಗೆ ಓಡಿ ಬಂದರು.

“ರೀ, ನಮ್ ಮನೆ ಹೋಯ್ತು!”

ಚಿಕ್ಕಬೈರಪ್ಪ ರಾಗಿಮುದ್ದೆ ಮುರಿಯುತ್ತಿದ್ದರು. “ಎಲ್ಲಿಗೆ ಹೋಯ್ತೆ?”

“ನಮ್ ಬಾಡಿಗೆ ಸಿದ್ದಪ್ಪ ಹರಕೆ ಹೊತ್ತವ್ನೆ. ನಮ್ ಇಟ್ಟಿಗೆನೇ ದೇವ್ರಿಗ್ ತೋರ್ಸಿ ಕೇಳ್ತಾವ್ನೆ. ಸ್ವಂತ ಮನೆ ಬೇಕು ಅಂದ್ರೆ ಬೇರೆ ಕಲ್ಲು ತರ್ತಿದ್ದ. ಅವನಿಗೆ ಇದೇ ಮನೆ ಬೇಕಂತೆ!”

ಅವರ ಮಗ ನಂದಕುಮಾರ್ ಸೈಟು ಮಾರಿಸುವ ವ್ಯವಹಾರದವನು, ಕಾನೂನು ಬಲ್ಲವನೆಂದು ಮನೆಯಲ್ಲಿ ಹೆಸರು. ಮೆಟ್ಟಿಲ ಬಳಿ ಒಣಗಲು ಇಟ್ಟಿದ್ದ ಚೀಲದಲ್ಲಿ ಇಣುಕಿ ಬಂದು ಗಂಭೀರವಾಗಿ ವರದಿ ಒಪ್ಪಿಸಿದ. “ಅಪ್ಪ, ಮ್ಯಾಟ್ರು ಸಖತ್ ಸೀರಿಯಸ್ಸು. ಇಟ್ಟಿಗೆ ಮೇಲೆ ಅಳತೆ ಬರ್ದವ್ನೆ. ಒಂದರ ಮೇಲೆ ಹದಿನಾರು-ಮೂವತ್ತೈದು. ಇನ್ನೊಂದರ ಮೇಲೆ ಎಪ್ಪತ್ತು-ಇನ್ನೂರು. ಎಪ್ಪತ್ತು-ಇನ್ನೂರು ಅಂದ್ರೆ ನಮ್ಮನೆ, ಹಸಿನ ಕೊಟ್ಟಿಗೆ, ಪಾರ್ಕಿಂಗು ಎಲ್ಲಾ ಸೇರ್ಕೊಳ್ತದೆ.”

ಚಿಕ್ಕಬೈರಪ್ಪ ಮುದ್ದೆ ಬಿಟ್ಟು ಎದ್ದರು. ಮೇಜಿನ ಮೇಲಿದ್ದ ಅಗ್ರಿಮೆಂಟಿನ ಕಾಗದವನ್ನು ಎತ್ತಿ ಬೀರುವಿನಲ್ಲಿಟ್ಟರು.

ಗುರುಸಿದ್ದನಿಗೆ ಇದೊಂದೂ ತಿಳಿಯದು. ಅವನಿಗೆ ಬೇರೆಯೇ ಚಿಂತೆ. ಐದನೇ ದಿನದಿಂದ ಚೀಲ ಇದ್ದಕ್ಕಿದ್ದಂತೆ ಭಾರವಾಗತೊಡಗಿತ್ತು. ಅಭ್ಯಾಸ ಮಾಡಿದಷ್ಟೂ ಹಗುರವಾಗಬೇಕು, ಇದೇನು ವಿಚಿತ್ರ ಎಂದು ಕಂಗಾಲಾದ. ಬೆನ್ನು ಬೇಡ ಅಂದದ್ದನ್ನು ಬಿಡಬೇಕಲ್ಲ. ಟ್ರೈಪಾಡನ್ನು, ಅಂದರೆ ಇಡೀ ಇಟ್ಟಿಗೆಯನ್ನು, ಮಾಳಿಗೆಯಲ್ಲೇ ಬಿಟ್ಟು ಹೊರಟ. ಟ್ರೈಪಾಡು ಹೋದರೂ ಬೆನ್ನಿನ ಮೇಲೆ ಟ್ರೈಪಾಡು ಇದ್ದಂತೆಯೇ ಇತ್ತು. ಮರುದಿನ 70-200 ಅನ್ನು ಬಿಟ್ಟ. ಉಳಿದದ್ದು ಅರ್ಧ ಇಟ್ಟಿಗೆ. ಆದರೂ ಕೆರೆಯ ಏರಿ ಹತ್ತುವಾಗ ಬೆನ್ನು ಕುಯ್ಯೋ ಎಂದಿತು.

ಅಲ್ಲಿಂದಲೇ ಸೋಮನಾಥನಿಗೆ ಫೋನ್ ಮಾಡಿದ. “ಬರೇ ಕ್ಯಾಮೆರಾ ಹೊತ್ತರೂ ಜೀವ ಹೋಗಾಕತ್ತೈತ್ರಿ.”

“ಹಂಗಾದ್ರೆ ಮೊಬೈಲೇ ತನ್ನಿ ಗುರು” ಎಂದ ಸೋಮನಾಥ್. ಗುರುಸಿದ್ದನಿಗೆ ಅಳು ಬಂತು. ಪ್ರಯಾಣಕ್ಕೆ ಆರು ದಿನ ಉಳಿದಿತ್ತು.

ಅಷ್ಟರಲ್ಲಿ ಮುನಿಲಕ್ಷ್ಮಮ್ಮನ ಗುಟ್ಟು ಬೀದಿಗೆ ಬಿದ್ದಿತ್ತು. ಅವರು ಹೇಳಿದ್ದು ಒಬ್ಬರಿಗೇ, ಯಾರಿಗೂ ಹೇಳಬೇಡ ಎಂದೇ. ಎದುರು ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಶಿವವ್ವ ಅದನ್ನು ಕೇಳಿದವಳೇ ಮಾರನೆಯ ಬೆಳಗ್ಗೆ ತನ್ನ ಮಾಲೀಕರ ಕಾಂಪೌಂಡಿನಿಂದ ಒಂದು ಇಟ್ಟಿಗೆ ಸೆರಗಿನಲ್ಲಿ ಕಟ್ಟಿಕೊಂಡು ಕೆರೆ ಸುತ್ತಿದಳು. ಬಾಡಿಗೆದಾರರಿಗೆ ಇಂಥ ವಿಷಯ ಎರಡು ಸಲ ಹೇಳಬೇಕಾಗುವುದಿಲ್ಲ. ಭಾನುವಾರದ ಹೊತ್ತಿಗೆ ಕೆರೆಯ ಸುತ್ತ ಹನ್ನೊಂದು ಜನ ಇಟ್ಟಿಗೆ ಹೊತ್ತು ನಡೆಯುತ್ತಿದ್ದರು, ಮುಂದೆ ಗುರುಸಿದ್ದ. ತನ್ನ ಹಿಂದೆ ಜನ ಯಾಕೆ ಬರುತ್ತಿದ್ದಾರೆ ಎಂದು ಅವನು ತಿರುಗಿ ನೋಡಿದರೆ ಎಲ್ಲರೂ ಭಕ್ತಿಯಿಂದ ನಿಲ್ಲುವರು.

ಕೆರೆಯ ಕಾವಲುಗಾರ ಸೀಟಿ ಊದಿಕೊಂಡು ಓಡಿ ಬಂದ. “ಏಯ್, ನಿಲ್ರಿ! ಏನ್ರಿ ಇದು? ಎಲ್ಲಾ ಇಟ್ಟಿಗೆ ತರ್ತಾ ಇದ್ದೀರಾ. ಕೆರೆ ಒತ್ತುವರಿನಾ?”

“ಅಲ್ಲಪ್ಪ, ಕ್ಯಾಮೆರಾ” ಎಂದು ಗುರುಸಿದ್ದ ಅರ್ಧ ಇಟ್ಟಿಗೆಯನ್ನು ಎತ್ತಿ ತೋರಿಸಿದ.

ಕಾವಲುಗಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ನಂಗೇನ್ ತಲೆ ಕೆಟ್ಟೈತಾ? ದಿನಕ್ಕೊಂದ್ ಇಟ್ಟಿಗೆ ಇಟ್ಟು ನಾಳೆ ಗೋಡೆ ಏಳ್ಸಿ, ನಾಡಿದ್ದು ಕರೆಂಟ್ ಬಿಲ್ ತೋರಿಸ್ತೀರ. ಇಂಥಾವ್ರನ್ನ ಬೇಕಾದಷ್ಟ್ ನೋಡಿವ್ನಿ.” ಹನ್ನೊಂದು ಇಟ್ಟಿಗೆಯ ಫೋಟೋ ತೆಗೆದು ತನ್ನ ಸಾಹೇಬರಿಗೆ ಕಳಿಸಿದ. ಅಂದೇ ಮಧ್ಯಾಹ್ನ ಒಂದು ಜೀಪು ಬಂದು ಬೀದಿಯ ಬಾಯಲ್ಲಿ ನಿಂತು, ಯಾರ ಮನೆಯಲ್ಲಿ ಎಷ್ಟು ಇಟ್ಟಿಗೆ ಇದೆ, ಯಾವ ಕಟ್ಟಡಕ್ಕೆ, ಪ್ಲಾನ್ ಪಾಸಾಗಿದೆಯೇ ಎಂದು ಕೇಳಿ ಬರೆದುಕೊಂಡು ಹೋಯಿತು. ಪ್ಲಾನ್ ಎಂಬ ಮಾತು ಕೇಳಿದ್ದೇ ಮಾಲೀಕರೆಲ್ಲರಿಗೂ ಬೆವರಿತು. ಒಬ್ಬರು ಇಟ್ಟಿಗೆ ರಾಶಿಗೆ ಸರಪಳಿ ಬಿಗಿದರು. ಇನ್ನೊಬ್ಬರು ರಾಶಿಯ ಮೇಲೆ ಹಾಸಿಗೆ ಹಾಸಿ ಮಾವನನ್ನು ಮಲಗಿಸಿದರು.

ಸಂಜೆ ಚಿಕ್ಕಬೈರಪ್ಪ ಗುರುಸಿದ್ದನನ್ನು ಕರೆಸಿದರು. ನಡುಮನೆಯಲ್ಲಿ ಅವರು, ಹೆಂಡತಿ, ಮಗ. ಮಧ್ಯದಲ್ಲಿ ಅಗ್ರಿಮೆಂಟಿನ ಕಾಗದ. ಗುರುಸಿದ್ದ ಚೀಲ ಹೊತ್ತೇ ಹೋದ; ಹಿಂದೆ ಜಯಾ.

“ನೋಡಪ್ಪ” ಎಂದರು ಚಿಕ್ಕಬೈರಪ್ಪ, “ನೀವು ಒಳ್ಳೆ ಜನ ಅಂದ್ಕಂಡಿದ್ದೆ. ನಮ್ಮ ಇಟ್ಟಿಗೆ ತಗಂಡೋಗಿ ನಮ್ಮ ಮನೆನೇ ದೇವ್ರತ್ರ ಕೇಳೋದು ಯಾವ ನ್ಯಾಯ?”

“ಅಯ್ಯೋ ಗೌಡ್ರ, ಮನಿ ಅಲ್ರಿ! ನಾ ಹಿಮಾಲಯಕ್ಕ ಹೊಂಟೀನಿ, ಫೋಟೋ ತೆಗಿಯಾಕ. ಇದು ಲೆನ್ಸ್ ರಿ.”

“ಎಲ್ಲಿ ಲೆನ್ಸು?”

ಗುರುಸಿದ್ದ ಅರ್ಧ ಇಟ್ಟಿಗೆ ಹೊರತೆಗೆದ.

“ಅಂಕಲ್, ಕ್ಯಾಮೆರಾ ತೋರ್ಸಿ, ಮ್ಯಾಟ್ರು ಮುಗೀತು” ಎಂದ ನಂದಕುಮಾರ್.

“ಕ್ಯಾಮೆರಾ ಇನ್ನೂ ಇಲ್ಲಪಾ. ಸೆಲೆಕ್ಟ್ ಮಾಡಾಕತ್ತೀನಿ.”

“ಇಟ್ಟಿಗೆ ಹೊತ್ಕೊಂಡು ಕ್ಯಾಮೆರಾ ಸೆಲೆಕ್ಟ್ ಮಾಡ್ತಾರಾ?”

“ದೂರದ ಬೆಟ್ಟ ನುಣ್ಣಗೆ ಅಂತಾರೆ” ಎಂದು ಮುನಿಲಕ್ಷ್ಮಮ್ಮ ನಡುವೆ ಬಾಯಿ ಹಾಕಿದರು, “ಹತ್ರ ಹೋಗಿ ಫೋಟೋ ತೆಗೆದ್ರೆ ಏನಪ್ಪ ಸಿಕ್ತದೆ? ಯಾರ್ ನಂಬ್ತಾರೆ?”

ಬೇಕಾದರೆ ಚೀಲವನ್ನೆಲ್ಲ ಹುಡುಕಿ ನೋಡಿ, ಇನ್ನೊಂದು ಇಟ್ಟಿಗೆ ಸಿಕ್ಕರೆ ನಾಳೆಯೇ ಮನೆ ಬಿಡುತ್ತೇನೆ ಎಂದು ಗುರುಸಿದ್ದ ಎದೆ ತಟ್ಟಿ ಹೇಳಿದ. ನಿರಪರಾಧಿಗಳು ಆಡುವ ಮಾತುಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ನಂದಕುಮಾರ್ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಆಮೇಲೆ ತಳದಲ್ಲಿ ಒಂದು ಜಿಪ್ಪು ಕಂಡಿತು. ಅಲ್ಲೊಂದು ಖಾನೆಯಿದೆ ಎಂಬುದೇ ಗುರುಸಿದ್ದನಿಗೆ ಗೊತ್ತಿರಲಿಲ್ಲ. ಜಿಪ್ಪು ಎಳೆದರೆ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಸುತ್ತಿದ, ಅರಿಸಿನ ಕುಂಕುಮ ಬಳಿದ, ಇಡೀ ಒಂದು ಇಟ್ಟಿಗೆ ಧೊಪ್ಪೆಂದು ನೆಲಕ್ಕೆ ಬಿತ್ತು.

ಎಲ್ಲರಿಗಿಂತ ಜೋರಾಗಿ ಕಿರುಚಿದವನು ಗುರುಸಿದ್ದ.

“ಅದು ನಂದ್ರಿ” ಎಂದಳು ಜಯಾ.

ಎಲ್ಲರೂ ಅವಳತ್ತ ತಿರುಗಿದರು. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ಇವ್ರಿಗೆ ಏನೂ ಗೊತ್ತಿಲ್ರಿ ಗೌಡ್ರ. ಇಟ್ಟಿಗಿ ಹೊತ್ತರ ಮನಿ ಆಕ್ಕೈತಿ ಅಂತ ಅಮ್ಮಾರು ಶಿವವ್ವಗ ಹೇಳೂದು ನನ್ನ ಕಿವಿಗೆ ಬಿತ್ತು. ಹೆಂಗೂ ದಿನಾ ದೇವ್ರ ಮುಂದ ಹೊಕ್ಕಾರ, ನನ್ನದೂ ಒಂದ ಇರಲಿ ಅಂತ ಇಟ್ಟೆ. ನಿಮ್ಮ ಇಟ್ಟಿಗಿ ಮುಟ್ಟಿಲ್ಲ. ಅದನ್ನ ನಾ ಇಟ್ಟಿಗಿ ಡಿಪೋದಾಗ ಕೊಂಡ ತಂದೀನಿ. ನಿಮ್ಮ ಮನಿ ನಮಗ ಬ್ಯಾಡ. ನಮ್ದೊಂದ ಆಗಲಿ ಅಂತ ಬೇಡ್ಕೊಳ್ಳೂದು ತಪ್ಪೇನ್ರಿ? ಒಂಬತ್ತ ವರ್ಷ ಆತು, ಬ್ಯಾರೇದವ್ರ ಗ್ವಾಡಿಗೆ ಒಂದ ಮೊಳಿ ಹೊಡಿಯಾಕ ಹೆದರಿಕೋಂತ ಬದುಕಾಕತ್ತೀವಿ.”

ಗುರುಸಿದ್ದನಿಗೆ ತನ್ನ ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು. ಹದಿನೇಳು ವಿಡಿಯೋ ನೋಡಿದವನು ಈ ಒಂದು ಮಾತನ್ನು ಒಂದು ದಿನವೂ ಅವಳಿಂದ ಕೇಳಿಸಿಕೊಂಡಿರಲಿಲ್ಲ.

ಮುನಿಲಕ್ಷ್ಮಮ್ಮ ಮೂಗು ಒರೆಸಿಕೊಂಡರು. “ಕೊಂಡು ತಂದವ್ಳೆ ಕಣ್ರಿ. ನಮ್ದಲ್ಲ.”

ಆದರೆ ಚಿಕ್ಕಬೈರಪ್ಪ ವ್ಯವಹಾರಸ್ಥರು. ಮರುಕ ಬೇರೆ, ಮುನ್ನೆಚ್ಚರಿಕೆ ಬೇರೆ. ಗಲ್ಲ ಕೆರೆದುಕೊಂಡು ಯೋಚಿಸಿ ಹೇಳಿದರು: “ತಪ್ಪಿಲ್ಲಮ್ಮ. ಆದ್ರೂ ಹರಕೆ ಇಟ್ಟಿಗೆ ಇಲ್ಲೇ ಇದ್ರೆ ನಂಗ್ ನಿದ್ದೆ ಬರಾಕಿಲ್ಲ. ಇಟ್ಟಿಗೆ ಎಲ್ಲಿ ಇಡ್ತೀವೋ ಅಲ್ಲೇ ಮನೆ ಆಗೋದು. ಈವಯ್ಯ ಹೆಂಗೂ ಹಿಮಾಲಯಕ್ಕೆ ಹೋಗ್ತಾನಲ್ಲ, ಅದನ್ನ ಅಲ್ಲೇ ಮ್ಯಾಲೆ ಇಟ್ಬರ್ಲಿ. ಬೇಗೂರಿಂದ ಎಷ್ಟ್ ದೂರ ಹೋದ್ರೆ ಅಷ್ಟ್ ಒಳ್ಳೇದು. ಇಟ್ಟಿದ್ದಕ್ಕೆ ಫೋಟೋ ಕಳಿಸ್ಲಿ, ಹಿಂದೆ ಬೆಟ್ಟ ಕಾಣ್ಬೇಕು. ಫೋಟೋ ಬಂದ ನಿಮಿಷಕ್ಕೆ ಸೈನ್ ಹಾಕ್ತೀನಿ. ಬರ್ಲಿಲ್ಲ ಅಂದ್ರೆ ತಿಂಗ್ಳ ಕೊನೆಗೆ ಮನೆ ಖಾಲಿ.”

ಜಯಾ ಕಣ್ಣೊರೆಸಿಕೊಂಡಳು. “ಆಗಲಿ ಬಿಡ್ರಿ” ಎಂದು ಇಟ್ಟಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಗುರುಸಿದ್ದ ಜಯನಗರದ ಕ್ಯಾಮೆರಾ ಅಂಗಡಿಗೆ ಹೋದ. ಸೋಮನಾಥನ ಗುಂಪಿನಲ್ಲಿ ಒಬ್ಬೊಬ್ಬನ ಚೀಲಕ್ಕೂ ತೂಕದ ಮಿತಿ. ಬಟ್ಟೆಬರೆ, ಇಟ್ಟಿಗೆ ಸೇರಿದರೆ ಉಳಿಯುವುದು ಒಂದು ಕ್ಯಾಮೆರಾ, ಒಂದು ಲೆನ್ಸು. ಟ್ರೈಪಾಡಿನ ಮಾತೇ ಇಲ್ಲ.

ಅಂಗಡಿಯ ಶ್ವೇತ ಕೇಳಿದಳು: “ಸಾರ್, ಯಾವ ಲೆನ್ಸ್ ಕೊಡ್ಲಿ?”

“ಹಿಂದ ಬೆಟ್ಟ ಕಾಣಬೇಕು, ಮುಂದ ಇಟ್ಟಿಗಿ ಕಾಣಬೇಕು. ಅಂಥಾದ್ದು ಕೊಡ್ರಿ.”

“ಇಟ್ಟಿಗೆ ಕಂಪನಿ ಆ್ಯಡ್ ಶೂಟಾ ಸಾರ್?” ಎಂದು ಅವಳು 16-35 ಅನ್ನು ಮೇಜಿನ ಮೇಲಿಟ್ಟಳು. ಎರಡು ತಿಂಗಳು ಅವನನ್ನು ಕೂರಗೊಡದೆ, ನಿಲ್ಲಗೊಡದೆ ಕುಣಿಸಿದ ಪ್ರಶ್ನೆ ಒಂದು ನಿಮಿಷದಲ್ಲಿ ಮುಗಿಯಿತು. ಜಯಾ ಇಟ್ಟಿಗೆಯನ್ನು ಖಣದಲ್ಲಿ ಸುತ್ತಿ, ಹೊಲಿದು, ತಾನೇ ಚೀಲದ ತಳಕ್ಕೆ ಇಟ್ಟು ಕಳಿಸಿಕೊಟ್ಟಳು.

ಹತ್ತುವ ಕಷ್ಟವನ್ನು ನಾನು ವರ್ಣಿಸುವುದಿಲ್ಲ. ಇಟ್ಟಿಗೆ ಹೊತ್ತು ಹಿಮಾಲಯ ಹತ್ತಿದವರಿಗೆ ಅದು ಗೊತ್ತು, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ. ನಾಲ್ಕನೇ ದಿನ ಸೂರ್ಯ ಹುಟ್ಟುವ ಮುಂಚೆ ಎಲ್ಲರೂ ಮೇಲಿದ್ದರು. ಸೋಮನಾಥನ ಕಡೆಯವರು ಸಾಲಾಗಿ ಟ್ರೈಪಾಡು ನೆಟ್ಟು ಉಸಿರು ಹಿಡಿದು ನಿಂತರು. ಎದುರಿನ ಹಿಮದ ಶಿಖರದ ತುದಿ ಮೆಲ್ಲಗೆ ಕೆಂಪಾಯಿತು. ಗುರುಸಿದ್ದ ಕ್ಯಾಮೆರಾ ಮರೆತು ನೋಡಿದ. ಎರೆಭೂಮಿಯ ಮಾಳಿಗೆಯ ಮೇಲಿನಿಂದ ಮೂರು ನೀರಿನ ಟಾಕಿ ಕಂಡು ಬೆಳೆದವನು ಇಂಥದ್ದೊಂದು ಇದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನೋಡುತ್ತ ನಿಲ್ಲಲು ಹೊತ್ತೆಲ್ಲಿ? ಹೊಲಿಗೆ ಹರಿದು, ಇಟ್ಟಿಗೆಯನ್ನು ಬಂಡೆಯ ಮೇಲಿಟ್ಟು, ಒಂದು ಫೋಟೋ ತೆಗೆದ. ಅದೇ ಬಂಡೆಯ ಮೇಲೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಕ್ಯಾಮೆರಾದಿಂದ ಮೊಬೈಲಿಗೆ, ಮೊಬೈಲಿನಿಂದ ಬೇಗೂರಿಗೆ ಕಳಿಸಿದ. ಎರಡೇ ನಿಮಿಷಕ್ಕೆ ವಿಡಿಯೋ ಕಾಲ್ ಬಂತು. ತೆರೆಯ ತುಂಬ ಚಿಕ್ಕಬೈರಪ್ಪನವರ ಹಣೆ.

“ಅಂಕಲ್, ಬೆಟ್ಟ ಓಕೆ, ಇಟ್ಟಿಗೆ ಬ್ಲರ್ ಆಗಿದೆ” ಎಂದು ನಂದಕುಮಾರನ ದನಿ. “ಯಾವ್ ಇಟ್ಟಿಗೆ ಅಂತ್ಲೇ ಗೊತ್ತಾಗಲ್ಲ. ಇನ್ನೊಂದ್ಸಲ.”

ಗುರುಸಿದ್ದ ಮೊಣಕಾಲೂರಿ ಇನ್ನೊಂದು ತೆಗೆದ.

“ಮುಖ ಯಾವ ಕಡೆ ಮಾಡಿದ್ಯಪ್ಪ?” ಈಗ ಮುನಿಲಕ್ಷ್ಮಮ್ಮ. “ದಕ್ಷಿಣಕ್ಕೆ ತಿರ್ಗಿಸಿದ್ರೆ ಮನೆಗೆ ಏಳಿಗೆ ಇಲ್ಲ. ಪೂರ್ವಕ್ಕೆ ಇಡು. ಇನ್ನೂ ತಿರ್ಗ್ಸು. ಅಷ್ಟಲ್ಲ, ವಾಪಸ್, ವಾಪಸ್!”

“ಗುರು! ಲೈಟು! ಲೈಟ್ ಹೋಗ್ತಿದೆ!” ಆಚೆಯಿಂದ ಸೋಮನಾಥ್ ಕೂಗಿದ. ಶಿಖರವಿಡೀ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಗುರುಸಿದ್ದ ಅದಕ್ಕೆ ಬೆನ್ನು ಮಾಡಿ, ಮರಗಟ್ಟಿದ ಕೈಯಲ್ಲಿ ಇಟ್ಟಿಗೆಯನ್ನು ಪೂರ್ವಕ್ಕೆ ತಿರುಗಿಸುತ್ತಿದ್ದ.

“ಸಿದ್ದಪ್ಪ” ಎಂದು ಚಿಕ್ಕಬೈರಪ್ಪ ಫೋನಿಗೆ ಕಣ್ಣು ಹಚ್ಚಿ ನೋಡಿದರು. “ಜಾಗ ಚೆನ್ನಾಗೈತೆ ಕಣಯ್ಯ. ಎದುರುಗಡೆ ಯಾವ ಬಿಲ್ಡಿಂಗೂ ಇಲ್ಲ. ಅಲ್ಲಿ ಸೈಟ್ ಏನ್ ರೇಟು?”

“ಗೊತ್ತಿಲ್ರಿ ಗೌಡ್ರ.”

“ಸುಮ್ನೆ ಕೇಳ್ಕಂಡ್ ಬಾ. ಸರಿ, ಫೋಟೋ ಕ್ಲಿಯರ್ ಬಂತು. ತಗೋ, ಸೈನ್ ಹಾಕ್ದೆ, ನೋಡ್ಕೋ.” ಪೆನ್ನು ಕಾಗದದ ಮೇಲೆ ಓಡಿದ್ದನ್ನು ಗುರುಸಿದ್ದ ಹನ್ನೊಂದು ಸಾವಿರ ಅಡಿ ಮೇಲಿನಿಂದ ಕಣ್ಣಾರೆ ಕಂಡ.

ತಿರುಗಿ ನೋಡಿದರೆ ಬೆಳಕು ಮುಗಿದಿತ್ತು. ಶಿಖರ ಸುಣ್ಣ ಬಳಿದ ಗೋಡೆಯಷ್ಟು ಬಿಳಿ. ಸೋಮನಾಥನ ಗುಂಪಿನವರು ನಗುನಗುತ್ತ ಟ್ರೈಪಾಡು ಮಡಚುತ್ತಿದ್ದರು. ಗುರುಸಿದ್ದನ ಕ್ಯಾಮೆರಾದಲ್ಲಿದ್ದದ್ದು ಇಟ್ಟಿಗೆಯ ಒಂಬತ್ತು ಫೋಟೋ.

ಮತ್ತೆ ಫೋನ್ ಬಡಿಯಿತು. ಈ ಸಲ ಜಯಾ, ಮಹಡಿಯ ಮೇಲಿನ ತಮ್ಮ ಮನೆಯಿಂದ.

“ಸಹಿ ಆತ್ರಿ. ಕಾಗದ ನನ್ನ ಕೈಯಾಗ ಐತಿ” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಇನ್ನೊಂದ ಮಾತ ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ನೀವು ಹೊತಗೊಂಡ ಹೋಗಿದ್ದು ನಮ್ಮ ಇಟ್ಟಿಗಿ ಅಲ್ಲ.”

“ಮತ್ತ?”

“ಗೌಡ್ರ ಮಾಳಿಗಿ ಮ್ಯಾಲಿಂದು. ನಾನ ಅರಿಸಿನ ಹಚ್ಚಿ ಹೊಲಿದ ಇಟ್ಟೆ. ನಮ್ದು ಇಲ್ಲೇ ಜೋಳದ ಡಬ್ಬಿ ಹಿಂದ ಐತಿ.”

ಗುರುಸಿದ್ದ ಬಂಡೆಯ ಮೇಲಿನ ಇಟ್ಟಿಗೆಯತ್ತ ತಿರುಗಿದ. ನಾಲ್ಕು ದಿನ. ಎರಡೂಮುಕ್ಕಾಲು ಕೇಜಿ.

“ಇಟ್ಟಿಗಿ ಇಟ್ಟಲ್ಲೇ ಮನಿ ಆಕ್ಕೈತಿ ಅಂತ ಗೌಡ್ರ ಹೇಳಿದ್ರಲ್ಲ” ಎಂದಳು ಜಯಾ. “ಅಷ್ಟ ದೂರ ಸಾಮಾನ ಕಟಗೊಂಡ ಬರಾಕ ನನ್ನ ಕೈಲೆ ಆಗಂಗಿಲ್ರಿ. ನಮಗ ಬೇಗೂರ ಸಾಕು.”

ಅವನಿಗೆ ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ನಗು ಬಂತು. ನಕ್ಕು ನಕ್ಕು ಆ ತೆಳುಗಾಳಿಯಲ್ಲಿ ಉಸಿರು ಕಟ್ಟಿ ಬಂಡೆಯ ಮೇಲೆ ಕೂತುಬಿಟ್ಟ. ಪಕ್ಕದಲ್ಲಿ ಚಿಕ್ಕಬೈರಪ್ಪನವರ ಇಟ್ಟಿಗೆ ಪೂರ್ವಕ್ಕೆ ಮುಖಮಾಡಿ, ಕುಂಕುಮ ಹಚ್ಚಿಕೊಂಡು, ಗಟ್ಟಿಯಾಗಿ ನೆಲೆ ನಿಂತಿತ್ತು. ಸೋಮನಾಥ್ ಇಳಿಯೋಣ ಬನ್ನಿ ಎಂದು ಕರೆದ. ಗುರುಸಿದ್ದ ಎದ್ದ, ಶೂ ಬಿಚ್ಚಿದ, ಹಿಮಾಲಯದ ಕಡೆ ತಿರುಗಿ ಎರಡೂ ಕೈ ಮುಗಿದು, ಜೀವನದಲ್ಲಿ ಮೊದಲ ಸಲ ಒಂದು ಹರಕೆ ಹೊತ್ತ: ಗೌಡರಿಗೆ ಆದಷ್ಟು ಬೇಗ ಇಲ್ಲೊಂದು ಮನೆಯಾಗಲಿ.